ಮೂತ್ರದ ಪೈಪ್ ತೆಗೆಯುವ ಮೊದಲು ಕ್ಲ್ಯಾಂಪ್ ಮಾಡಬೇಕೇ?

ಪ್ರಶ್ನೆ: ತಂದೆಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾರೆ. ವೆಂಟಿಲೇಟರ್ ತೆಗೆದಾಯಿತು, ಮಾತಾಡುತ್ತಾರೆ. ಮೂತ್ರದ ಪೈಪ್ ಹಾಕಿ ಒಂಬತ್ತು ದಿನ. ನಾಳೆ ತೆಗೆಯುತ್ತಾರಂತೆ. ಹಿಂದೆ ಚಿಕ್ಕಪ್ಪನಿಗೆ ಪೈಪ್ ತೆಗೆಯುವ ಮೊದಲು ಎರಡು ದಿನ ಮೂರ್ಮೂರು ಗಂಟೆ ಕ್ಲ್ಯಾಂಪ್ ಹಾಕಿ ಬಿಡುತ್ತಿದ್ದರು. ಇಲ್ಲಿ ಹಾಗೆ ಮಾಡುತ್ತಿಲ್ಲ. ಮೂತ್ರ ಕಟ್ಟಿಕೊಂಡರೆ ಏನು ಗತಿ?
– ಪೀಣ್ಯ 2ನೇ ಹಂತ

ಉತ್ತರ: ಕ್ಲ್ಯಾಂಪ್ ಹಾಕದಿದ್ದರೆ ನಿಮ್ಮ ತಂದೆಗೆ ನಷ್ಟವೇನೂ ಇಲ್ಲ. ಪೈಪ್ ಇದ್ದಷ್ಟು ದಿನ ಮೂತ್ರಕೋಶ ಖಾಲಿಯಾಗೇ ಇರುತ್ತದೆ, ಅದರ ಸ್ನಾಯು ಸೋಮಾರಿಯಾಗುತ್ತದೆ, ಹಾಗಾಗಿ ಕಟ್ಟಿ ಬಿಟ್ಟು ಅಭ್ಯಾಸ ಮಾಡಿಸಬೇಕು ಎಂದು ವರ್ಷಗಟ್ಟಲೆ ಕಲಿಸಲಾಗುತ್ತಿತ್ತು. ಕೇಳಲು ಸರಿಯೆನಿಸುತ್ತದೆ. ಆದರೆ ಕೆಲವೇ ದಿನ ಪೈಪ್ ಇದ್ದವರಲ್ಲಿ ಪರೀಕ್ಷಿಸಿ ನೋಡಿದಾಗ, ಕ್ಲ್ಯಾಂಪ್ ಮಾಡಿದವರಿಗೂ ಮಾಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೆಗೆಯುವ ಮೊದಲು ಕ್ಲ್ಯಾಂಪ್ ಮಾಡುವ ಅಗತ್ಯವಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2021ರ ಕಾಕ್ರೇನ್ ಪರಾಮರ್ಶೆಯೂ ಅದರಲ್ಲಿ ವಿಶೇಷ ಲಾಭ ಕಂಡಿಲ್ಲ. ಈ ಅಧ್ಯಯನಗಳಲ್ಲಿದ್ದವರು ಹೆಚ್ಚಿನಂಶ ಶಸ್ತ್ರಚಿಕಿತ್ಸೆಯಾದವರು, ವಾರ್ಡಿನವರು. ಐಸಿಯುನಲ್ಲಿ ಕ್ಲ್ಯಾಂಪ್ ಮಾಡುವುದೆಂದರೆ ನನಗೆ ಇನ್ನೂ ಹೆಚ್ಚು ಅಂಜಿಕೆ.

ಯಾಕೆಂದರೆ ಅಲ್ಲಿ ರೋಗಿಗೆ ಡ್ರಿಪ್ ಹೋಗುತ್ತಿರುತ್ತದೆ, ಕೆಲವೊಮ್ಮೆ ನೀರು ಇಳಿಸುವ ಇಂಜೆಕ್ಷನ್ನೂ ಇರುತ್ತದೆ. ಗಂಟೆಗೆ 200 ಮಿಲಿ ಮೂತ್ರ ಬರುವವರನ್ನು ಮೂರು ಗಂಟೆ ಕಟ್ಟಿಟ್ಟರೆ 600 ಮಿಲಿ ತುಂಬಿತು. ಮೂತ್ರಕೋಶ ಸಾಮಾನ್ಯವಾಗಿ ಹಿಡಿಯುವುದೇ 400–500 ಮಿಲಿ. ಎಚ್ಚರವಿರುವವರಾದರೆ ನೋವಾಗುತ್ತದೆ ಎಂದಾರು. ನಿದ್ದೆಯ ಔಷಧದಲ್ಲಿರುವವರು, ಸಕ್ಕರೆ ಕಾಯಿಲೆಯಿಂದ ನರ ಮಂಕಾದವರು ಏನು ಹೇಳಿಯಾರು? ಬಿಡುವಿಲ್ಲದ ಪಾಳಿಯಲ್ಲಿ ಸಿಸ್ಟರ್‌ಗೆ ಕ್ಲ್ಯಾಂಪ್ ಬಿಚ್ಚುವುದು ತಡವಾದರೆ ಮೂತ್ರಕೋಶ ಹಿಗ್ಗಿ, ಸ್ನಾಯು ಇನ್ನಷ್ಟು ಸೋಲುತ್ತದೆ. ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಅಭ್ಯಾಸದ ಹೆಸರಿನಲ್ಲಿ ಪೈಪ್ ಇನ್ನೆರಡು ದಿನ ಒಳಗೇ ಉಳಿಯುವುದಂತೂ ದೊಡ್ಡ ನಷ್ಟ: ಪೈಪ್ ಇದ್ದಷ್ಟೂ ದಿನ, ದಿನಕ್ಕೆ ಶೇ 3ರಿಂದ 7ರಷ್ಟು ಜನರ ಮೂತ್ರದಲ್ಲಿ ಹೊಸದಾಗಿ ರೋಗಾಣು ಸೇರುತ್ತದೆ.

ನಿಮ್ಮ ಗಮನ ಇರಬೇಕಾದದ್ದು ತೆಗೆದ ನಂತರದ ಆರೆಂಟು ಗಂಟೆಗಳ ಮೇಲೆ. ಎಷ್ಟು ಹೊತ್ತಿಗೆ ತೆಗೆದರು, ಮೊದಲ ಬಾರಿ ಎಷ್ಟು ಮಿಲಿ ಹೋಯಿತು ಎಂದು ಅಳೆದು ಬರೆಯಲು ಸಿಸ್ಟರನ್ನು ಕೇಳಿ. ಇಲ್ಲಿ ಒಂದು ಮೋಸವಿದೆ. ಅರ್ಧ ಗಂಟೆಗೊಮ್ಮೆ 40–50 ಮಿಲಿ ಹೋಗುತ್ತಿದ್ದರೆ ಮನೆಯವರು ‘ಸಲೀಸಾಗಿ ಹೋಗ್ತಿದೆ’ ಅಂದುಕೊಳ್ಳುತ್ತಾರೆ. ಅದು ಒಳಗೆ ತುಂಬಿ ತುಳುಕಿ ಹೊರಬರುತ್ತಿರುವುದಿರಬಹುದು. ಆಗ ಕೆಳಹೊಟ್ಟೆ ಗಟ್ಟಿಯಾಗಿ ಉಬ್ಬಿರಬಹುದು. ಸ್ಕ್ಯಾನ್ ಮಾಡಿದರೆ ಒಳಗೆಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಹೆಚ್ಚಿದ್ದರೆ ತೆಳು ಪೈಪ್‌ನಿಂದ ಒಮ್ಮೆ ಖಾಲಿ ಮಾಡಿ ತೆಗೆದುಬಿಡಬಹುದು. ಕೂಡಲೇ ಮತ್ತೆ ಪೈಪ್ ಹಾಕಿಡಲೇಬೇಕೆಂದಿಲ್ಲ.

ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆ, ಈ ವಯಸ್ಸಿಗೆ ಪ್ರಾಸ್ಟೇಟ್ ದಪ್ಪವಾಗಿರಲೂಬಹುದು. ಮೊದಲೇ ಮೂತ್ರ ನಿಧಾನವಿತ್ತೇ, ರಾತ್ರಿ ಎಷ್ಟು ಸಲ ಏಳುತ್ತಿದ್ದರು ಎಂಬುದನ್ನು ಡಾಕ್ಟರಿಗೆ ಹೇಳಿ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಬಲವಾದ ನೋವಿನ ಮಾತ್ರೆಗಳೂ ಮೂತ್ರ ಕಟ್ಟಿಸುತ್ತವೆ. ಮಲಗಿ, ಪಕ್ಕದ ಹಾಸಿಗೆಯವರ ಎದುರು ಮೂತ್ರ ಮಾಡೆಂದರೆ ಯಾರಿಗೂ ಕಷ್ಟ. ಪರದೆ ಎಳೆದು, ಅನುಮತಿ ಇದ್ದರೆ ಕೂರಿಸಿ ಅಥವಾ ಹಿಡಿದು ನಿಲ್ಲಿಸಿ.

ಬೆನ್ನುಹುರಿಗೆ ಪೆಟ್ಟಾದವರು, ಮೂತ್ರಕೋಶ ಅಥವಾ ಮೂತ್ರನಾಳದ ಶಸ್ತ್ರಚಿಕಿತ್ಸೆಯಾದವರ ಲೆಕ್ಕ ಬೇರೆ. ಅವರ ಪೈಪ್ ವಿಚಾರವನ್ನು ಯೂರಾಲಜಿಸ್ಟ್ ನಿರ್ಧರಿಸಲಿ.

ಪ್ರಶ್ನೆ: ಅಮ್ಮನಿಗೆ ಐಸಿಯುನಲ್ಲಿ ಹಾಕಿದ್ದ ಪೈಪ್ ತೆಗೆದು ನಾಲ್ಕು ದಿನ. ಈಗ ಅವಸರ ತಡೆಯಲಾಗದೆ ಸೋರುತ್ತದೆ. ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ.
– ಎಲೆಕ್ಟ್ರಾನಿಕ್ ಸಿಟಿ

ಉತ್ತರ: ನೀರು ಬಿಡಿಸಬೇಡಿ. ಗಟ್ಟಿ ಮೂತ್ರ ಅವಸರವನ್ನು ಹೆಚ್ಚಿಸುತ್ತದೆ. ಮೊದಲು ಮೂತ್ರ ಪರೀಕ್ಷೆ, ಕಲ್ಚರ್ ಮಾಡಿಸಿ. ಸೋಂಕಿಲ್ಲ, ಹೋದ ಮೇಲೆ ಒಳಗೆ ಉಳಿಯುತ್ತಲೂ ಇಲ್ಲ ಎಂದು ಖಾತ್ರಿಯಾದರೆ ಮೂತ್ರಕೋಶಕ್ಕೆ ತರಬೇತಿ ಕೊಡುವ ಕಾಲ ಇದು. ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ, ಬೇಕೆನಿಸದಿದ್ದರೂ, ಕರೆದೊಯ್ಯಿರಿ. ಒಂದು ವಾರ ಸೋರದಿದ್ದರೆ ನಡುವಿನ ಅಂತರವನ್ನು ಕಾಲು ಗಂಟೆ ಹೆಚ್ಚಿಸಿ. ಎಷ್ಟೋ ಹೆಣ್ಣುಮಕ್ಕಳು ಮುಜುಗರದಿಂದ ಮೂತ್ರ ಸೋರುವುದನ್ನು ಹೇಳಿಕೊಳ್ಳುವುದೇ ಇಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು. ಚಳಿಜ್ವರ, ಸೊಂಟದ ಮೇಲ್ಭಾಗದ ನೋವು, ರಕ್ತ, ಇದ್ದಕ್ಕಿದ್ದಂತೆ ಮಂಪರು – ಇವುಗಳಲ್ಲಿ ಒಂದು ಕಂಡರೂ ಮೆಡಿಕಲ್ ಶಾಪಿನ ಮಾತ್ರೆ ನೆಚ್ಚದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.