ಸಾಮೂಹಿಕ ಖಾತೆಯೂ ಅಂಕಿತದ ಹೊಣೆಯೂ

ಹನ್ನೆರಡನೆಯ ಶತಮಾನದ ಅನುಭವ ಮಂಟಪವು ಒಂದೇ ಆಗಿದ್ದರೂ ಅಲ್ಲಿ ನುಡಿದವರು ಹಲವರು. ನುಡಿದ ಶರಣರೂ ಶರಣೆಯರೂ ತಮ್ಮ ವಚನಗಳಲ್ಲಿ ತಮ್ಮದೇ ಆದ ಅಂಕಿತವನ್ನು ಇರಿಸಿದರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ವೇದಿಕೆ ಎಲ್ಲರದು, ಮಾತಿನ ಹೊಣೆ ಆಡಿದವರದು. ಇಂದು ಶಾಲೆಯ ವಿಭಾಗವೊಂದು ಸಾಮಾಜಿಕ ಜಾಲತಾಣದಲ್ಲಿ ತನ್ನ ಹೆಸರಿನ ಖಾತೆಯನ್ನು ತೆರೆಯುವಾಗಲೂ ಈ ವಿವೇಕವೇ ದಾರಿದೀಪವಾಗಬೇಕೆಂಬುದು ಪ್ರಕೃತ ಲೇಖನದ ಆಶಯ.

ಸಾಮೂಹಿಕ ಖಾತೆಯಿಂದ ಆಗುವ ಪ್ರಯೋಜನಗಳು ಅಲ್ಪವಲ್ಲ. 2004ರಲ್ಲಿ ಆರಂಭವಾದ ಫೇಸ್‌ಬುಕ್, 2005ರಲ್ಲಿ ಬಂದ ಯೂಟ್ಯೂಬ್ ಮೊದಲಾದವು ಈಗ ಹಳ್ಳಿಯ ಮನೆಗಳನ್ನೂ ಮುಟ್ಟಿವೆ. ವಿಜ್ಞಾನ ವಿಭಾಗವು ಒಂದು ಪ್ರಯೋಗವನ್ನು ಚಿತ್ರೀಕರಿಸಿ ಹಾಕಿದರೆ, ಜ್ವರದಿಂದ ಮನೆಯಲ್ಲುಳಿದ ವಿದ್ಯಾರ್ಥಿಯೂ ಅದನ್ನು ನೋಡಬಲ್ಲನು. ಕನ್ನಡ ವಿಭಾಗದ ಭಾಷಣ ಸ್ಪರ್ಧೆಯ ಸುದ್ದಿ ಅದೇ ದಿನ ಪೋಷಕರನ್ನು ತಲುಪುವುದು. ಒಬ್ಬರ ಹೆಗಲ ಮೇಲಿನ ಭಾರವನ್ನು ನಾಲ್ವರು ಹಂಚಿಕೊಳ್ಳುವುದರಿಂದ ಕಾರ್ಯವು ನಿಲ್ಲದೆ ನಡೆಯುವುದು.

ಹೀಗಿರಲು ದೋಷವೆಲ್ಲಿ? ಒಂದೇ ಪಾಸ್‌ವರ್ಡನ್ನು, ಅಂದರೆ ಗುಪ್ತಪದವನ್ನು, ಎಲ್ಲರೂ ಹಂಚಿಕೊಳ್ಳುವುದರಲ್ಲಿದೆ. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ಆರು ಮಂದಿ ಉಪಾಧ್ಯಾಯರು ವಿಭಾಗದ ಖಾತೆಯ ಗುಪ್ತಪದವನ್ನು ಬಲ್ಲವರಾಗಿದ್ದೆವು. ಒಂದು ಸಂಜೆ ಕಿರುಪರೀಕ್ಷೆಯ ಅಂಕಪಟ್ಟಿಯ ಚಿತ್ರವು ಆ ಖಾತೆಯಲ್ಲಿ ಕಾಣಿಸಿಕೊಂಡಿತು. ಅನುತ್ತೀರ್ಣರಾದವರ ಹೆಸರುಗಳ ಕೆಳಗೆ ಕೆಂಪು ಗೆರೆಗಳಿದ್ದವು. ಬೆಳಗಾಗುವುದರೊಳಗೆ ಅದನ್ನು ಅಳಿಸಲಾಯಿತಾದರೂ ಅಷ್ಟರಲ್ಲಿ ಅದು ಹಲವರ ಕೈಸೇರಿತ್ತು. ಪಟ್ಟಿಯಲ್ಲಿದ್ದ ಬಾಲಕಿಯೊಬ್ಬಳು ಹತ್ತು ದಿನ ಶಾಲೆಯತ್ತ ಸುಳಿಯಲಿಲ್ಲ. ಅವಳ ತಂದೆ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಹಾಕಿದವರು ಯಾರು?” ಆರು ಮಂದಿಯೂ ತಲೆ ತಗ್ಗಿಸಿ ನಿಂತೆವು. ಐವರು ನಿರಪರಾಧಿಗಳಾಗಿದ್ದರೂ ಅದನ್ನು ತೋರಿಸುವ ದಾರಿ ನಮಗಿರಲಿಲ್ಲ. ಅಪರಾಧಿ ಯಾರೆಂದೇ ತಿಳಿಯದಾಗ ಆ ಮಗುವಿನ ಕ್ಷಮೆ ಕೇಳುವವರು ಯಾರು? ಎಲ್ಲರ ಹೊಣೆಯಾದುದು ಯಾರ ಹೊಣೆಯೂ ಅಲ್ಲದಂತಾಯಿತು.

ಆದ್ದರಿಂದ ವಿಭಾಗದ ಖಾತೆಯನ್ನು ನಡೆಸುವವರು ಈ ಕೆಳಗಿನ ನಿಯಮಗಳನ್ನು ಪಾಲಿಸುವುದು ಶ್ರೇಯಸ್ಕರ.

1. ಖಾತೆಯು ಸಂಸ್ಥೆಯದಾಗಿರಲಿ. ಉಪಾಧ್ಯಾಯರೊಬ್ಬರ ಸ್ವಂತ ದೂರವಾಣಿ ಸಂಖ್ಯೆಗೆ ಖಾತೆಯನ್ನು ಜೋಡಿಸಿದರೆ, ಅವರು ವರ್ಗವಾಗಿ ಹೋದಾಗ ದೃಢೀಕರಣದ ಸಂಕೇತಾಂಕವೂ ಅವರೊಡನೆಯೇ ಹೋಗುವುದು. ವರ್ಷಗಳ ಸಂಗ್ರಹಕ್ಕೆ ಬೀಗ ಬೀಳುವುದು. ಶಾಲೆಯ ಮಿಂಚಂಚೆ ಮತ್ತು ಶಾಲೆಯ ಸಂಖ್ಯೆಯನ್ನೇ ಬಳಸಬೇಕು.

2. ಬಾಗಿಲು ಒಂದಾದರೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀಲಿ ಇರಲಿ. ಫೇಸ್‌ಬುಕ್ ಪುಟವನ್ನೂ ಯೂಟ್ಯೂಬ್ ವಾಹಿನಿಯನ್ನೂ ಹಲವರು ತಮ್ಮ ತಮ್ಮ ಸ್ವಂತ ಖಾತೆಗಳ ಮೂಲಕವೇ ನಿರ್ವಹಿಸಲು ಅವಕಾಶವುಂಟು. ಆಗ ಗುಪ್ತಪದವನ್ನು ಹಂಚುವ ಅಗತ್ಯವೇ ಬಾರದು. ವಿಭಾಗವನ್ನು ಬಿಟ್ಟವರ ಅಧಿಕಾರವನ್ನು ಅದೇ ದಿನ ಹಿಂಪಡೆಯಬೇಕು.

3. ಕಾಯಕಕ್ಕೆ ಬೇಕಾದಷ್ಟೇ ಅಧಿಕಾರವಿರಲಿ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ನಮಗೆಲ್ಲ ಪರಿಚಿತ. ಚಿತ್ರ ಹಾಕುವವರಿಗೆ ಹಾಕುವ ಅಧಿಕಾರ ಸಾಕು; ಖಾತೆಯನ್ನೇ ಅಳಿಸುವ ಅಧಿಕಾರವೇಕೆ? ಪೂರ್ಣಾಧಿಕಾರವು ಇಬ್ಬರಲ್ಲಿರಲಿ, ಒಬ್ಬರಿಲ್ಲದಾಗ ಮತ್ತೊಬ್ಬರು ನೋಡಿಕೊಳ್ಳಲೆಂದು.

4. ಬರೆಹದ ಕೊನೆಯಲ್ಲಿ ಬರೆದವರ ಹೆಸರಿನ ಮೊದಲಕ್ಷರವಿರಲಿ. ಇದುವೇ ನಮ್ಮ ಕಾಲದ ಅಂಕಿತ. ಇದರೊಡನೆ ಯಾರು, ಎಂದು, ಏನನ್ನು ಹಾಕಿದರೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಇನ್ನೂ ಉತ್ತಮ.

5. ಪ್ರಕಟಣೆಗೆ ಮುನ್ನ ಮತ್ತೊಬ್ಬರ ಕಣ್ಣು ಬೀಳಲಿ. ಕೋಪದ ಗಳಿಗೆಯಲ್ಲಿ ಒಬ್ಬರಿಗೆ ಕಾಣದ ತಪ್ಪು ಇನ್ನೊಬ್ಬರಿಗೆ ಕಾಣುವುದು.

ಮಕ್ಕಳ ವಿಷಯದಲ್ಲಂತೂ ಇಮ್ಮಡಿ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ವಿವರಗಳ ಬಳಕೆಗೆ ತಂದೆತಾಯಿಯರ ಒಪ್ಪಿಗೆಗೆ ಪ್ರಾಧಾನ್ಯವನ್ನಿತ್ತಿದೆ. ಕಾನೂನಿನ ಭಯಕ್ಕಿಂತಲೂ ಮಗುವಿನ ಮಾನ ದೊಡ್ಡದು. ಅಂಕ, ಶುಲ್ಕದ ಬಾಕಿ, ಮನೆಯ ಬಡತನ, ಕಾಯಿಲೆ ಇವು ಯಾವುವೂ ಖಾತೆಗೆ ಏರತಕ್ಕವಲ್ಲ. ಒಮ್ಮೆ ಹಾಕಿದುದನ್ನು ನಾವು ಅಳಿಸಬಹುದು. ಅದನ್ನು ನಕಲು ಮಾಡಿಕೊಂಡವರ ಕೈಯಿಂದ ಅಳಿಸಲಾಗದು.

ಇಷ್ಟೆಲ್ಲ ಕಟ್ಟುಪಾಡು ಪರಸ್ಪರ ಅವಿಶ್ವಾಸದ ಗುರುತೆಂದು ಕೆಲವರು ಆಕ್ಷೇಪಿಸಬಹುದು. ಆದರೆ ದಾಸೋಹದ ಉಗ್ರಾಣಕ್ಕೂ ಲೆಕ್ಕದ ಪುಸ್ತಕವಿದೆ. ಅದು ಉಗ್ರಾಣಿಕನನ್ನು ಸಂಶಯಿಸುವುದಕ್ಕಾಗಿ ಅಲ್ಲ, ಸಂಶಯದಿಂದ ಅವನನ್ನು ಕಾಪಾಡುವುದಕ್ಕಾಗಿ. ಅಂದು ಆ ತಂದೆಯ ಮುಂದೆ ತಲೆ ತಗ್ಗಿಸಿ ನಿಂತ ನಮಗೆ ಅಂಥ ಒಂದು ಪುಸ್ತಕವಿದ್ದಿದ್ದರೆ, ಐವರ ಮಾನ ಉಳಿಯುತ್ತಿತ್ತು; ಆರನೆಯವರಿಗೆ ತಪ್ಪೊಪ್ಪಿ ಹಗುರಾಗುವ ಅವಕಾಶ ದೊರೆಯುತ್ತಿತ್ತು; ಆ ಬಾಲಕಿಗೆ ಉತ್ತರವೊಂದು ಸಿಗುತ್ತಿತ್ತು. ವಿಭಾಗದ ಹೆಸರಿನಲ್ಲಿ ಬರೆಯುವ ಪ್ರತಿಯೊಬ್ಬರೂ, ಈ ಮಾತಿಗೆ ನನ್ನ ಅಂಕಿತವನ್ನು ಹಾಕಬಲ್ಲೆನೇ ಎಂದು ತಮ್ಮನ್ನು ಕೇಳಿಕೊಂಡು ಬರೆಯುವಂತಾಗಲಿ.