ಕರುವಿನ ಕೊಂಬು ಸುಡಿಸುವ ಮುನ್ನ: ಮಂಪರು ಬೇರೆ, ನೋವು ನಿವಾರಣೆ ಬೇರೆ

ಕೊಂಬಿನ ಮೊಳಕೆ ಸುಡಿಸಿದವರನ್ನು ಕೇಳಿದರೆ, "ಒಂದು ಇಂಜೆಕ್ಷನ್ ಹಾಕಿಸಿದ್ವಿ, ಕರು ಸುಮ್ಮನೆ ಮಲಗಿತ್ತು" ಅಂತಾರೆ. ಸುಮ್ಮನೆ ಮಲಗಿದೆ ಅಂದ್ರೆ ನೋವಿಲ್ಲ ಅಂತಲ್ಲ. ಔಷಧಿ, ಡೋಸ್ ಎಲ್ಲ ಪಶುವೈದ್ಯರ ಕೆಲಸ. ಏನು ಕೇಳಬೇಕು, ಏನು ಸಿದ್ಧ ಮಾಡಿಕೊಳ್ಳಬೇಕು ಅನ್ನೋದು ನಮ್ಮ ಕೆಲಸ.

ಮೂರು ಔಷಧಿ, ಮೂರು ಕೆಲಸ

1. ಮಂಪರು: ಸಾಮಾನ್ಯವಾಗಿ ಬಳಸುವುದು ಝೈಲಜಿನ್. ಇದು ಕರುವನ್ನು ಮಂಕು ಮಾಡಿ ಮಲಗಿಸುತ್ತದೆ. ನೋವು ಸ್ವಲ್ಪ ತಗ್ಗಿದರೂ ಬಿಸಿ ಕಬ್ಬಿಣಕ್ಕೆ ಇದೊಂದೇ ಸಾಲದು. ಕುದುರೆಗೆ ಕೊಡುವ ಪ್ರಮಾಣದ ಸುಮಾರು ಹತ್ತರಲ್ಲಿ ಒಂದು ಭಾಗ ದನಕ್ಕೆ ಸಾಕು. ಹಾಗಾಗಿ ಅಂದಾಜಿನಲ್ಲಿ ಚುಚ್ಚುವ ಔಷಧಿ ಇದಲ್ಲ. ತುಂಬು ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕುವ ಅಪಾಯವೂ ಇದೆ. ಬೇರೆ ಚಿಕಿತ್ಸೆಗೆ ಹಸುವನ್ನು ತೋರಿಸುವಾಗಲೂ ಗಬ್ಬ ಎಷ್ಟು ತಿಂಗಳು ಅಂತ ಮೊದಲೇ ಹೇಳಿಬಿಡಿ.

2. ಮರಗಟ್ಟಿಸುವುದು: ಲಿಗ್ನೋಕೇನ್. ಕಣ್ಣಿನ ಹೊರಮೂಲೆಯಿಂದ ಕೊಂಬಿನ ಬುಡಕ್ಕೆ ಹೋಗುವ ನರದ ಬಳಿ, ಎರಡೂ ಕಡೆ ಕೊಡುತ್ತಾರೆ. ಹಿಡಿಯಲು 5ರಿಂದ 10 ನಿಮಿಷ ಬೇಕು. ಸೂಜಿಯಿಂದ ಮೊಳಕೆಯ ಸುತ್ತ ಚುಚ್ಚಿ ನೋಡಿದಾಗ ಕರು ತಲೆ ಎಳೆದುಕೊಂಡರೆ ಇನ್ನೂ ಕಾಯಬೇಕು. ಅವಸರ ಮಾಡಬೇಡಿ.

3. ಆಮೇಲಿನ ನೋವು: ಮರಗಟ್ಟಿದ್ದು ಒಂದೆರಡು ಗಂಟೆಯಲ್ಲಿ ಬಿಡುತ್ತದೆ, ಸುಟ್ಟ ಜಾಗದ ಉರಿ ಆಗ ಶುರು. ಇದಕ್ಕೆ ಮೆಲಾಕ್ಸಿಕ್ಯಾಮ್ ಕೇಳಿ. ಡೈಕ್ಲೋಫೆನಾಕ್ ಬೇಡ. ಅದನ್ನು ಪಡೆದ ದನ ಸತ್ತಾಗ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅದಕ್ಕೇ ಜಾನುವಾರುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆಂದೇ ವನ್ಯಧಾಮ ಇದೆ. ಮೆಲಾಕ್ಸಿಕ್ಯಾಮ್‌ನಿಂದ ಅವಕ್ಕೆ ತೊಂದರೆ ಇಲ್ಲ.

ನಾವು ಮಾಡಬೇಕಾದ್ದು

* ಎರಡು ತಿಂಗಳೊಳಗೆ ಮಾಡಿಸಿ. ಆಮೇಲೆ ಮೊಳಕೆ ತಲೆಬುರುಡೆಗೆ ಅಂಟಿಕೊಳ್ಳುತ್ತದೆ, ಗಾಯ ದೊಡ್ಡದಾಗುತ್ತದೆ.
* ಹಾಲು, ಮೇವು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಕರುವಿಗೂ ದೊಡ್ಡ ದನಕ್ಕೂ ಲೆಕ್ಕ ಬೇರೆ.
* ಮಲಗಿದಾಗ ಎದೆಯ ಮೇಲೆ ಕೂತ ಹಾಗಿರಲಿ, ಮೂತಿ ಕೆಳಗಿರಲಿ. ಜೊಲ್ಲು ಹೊರಗೆ ಹರಿಯಬೇಕು, ಶ್ವಾಸಕೋಶಕ್ಕೆ ಹೋಗಬಾರದು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹೊಟ್ಟೆ ಉಬ್ಬರಿಸಬಹುದು.
* ನೆರಳಲ್ಲಿ ಇರಿಸಿ. ಪೂರ್ತಿ ಎಚ್ಚರವಾಗಿ ಎದ್ದು ನಿಲ್ಲುವ ತನಕ ಹಾಲು, ನೀರು ಬೇಡ.
* ಉಳಿದ ಮಂಪರು ಔಷಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮನುಷ್ಯರಿಗೂ ಅದು ಅಪಾಯ.

ಮರುದಿನ ಕರು ಪದೇ ಪದೇ ತಲೆ ಕೊಡವುತ್ತಿದ್ದರೆ, ಕಿವಿ ಬಡಿಯುತ್ತಿದ್ದರೆ, ಹಾಲು ಕುಡಿಯದೆ ಒಂದು ಮೂಲೆಯಲ್ಲಿ ನಿಂತಿದ್ದರೆ ನೋವು ಇದೆ ಅಂತಲೇ ತಿಳಿಯಿರಿ. ಡಾಕ್ಟರಿಗೆ ಫೋನ್ ಮಾಡಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಮುಂದಿನ ಸಲ ಡಾಕ್ಟರ್ ಬಂದಾಗ ಇಷ್ಟು ಕೇಳಿ: "ಡಾಕ್ಟ್ರೇ, ಮಂಪರಿನ ಜೊತೆ ಮರಗಟ್ಟಿಸೋದೂ ಕೊಡ್ತೀರಾ? ರಾತ್ರಿ ನೋವಿಗೆ ಏನು?" ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.