ಪ್ಲೇಟಿಗೆ ಆರು ಸಾವಿರ, ಪ್ಲೇಯರ್‌ಗೆ ಐವತ್ತೊಂದು ಸಾವಿರ

ಡಾ. ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಸರಣಿಯ ಹಾಡಿನ ಪ್ಲೇಟುಗಳನ್ನು ಕೂಡಿಸಲು ನನಗೆ ತಗುಲಿದ್ದು ಆರು ಸಾವಿರ ರೂಪಾಯಿ ಚಿಲ್ಲರೆ. ಅವನ್ನು ಮನೆಯಲ್ಲಿ ಕೂತು ಕೇಳಲು ತಗುಲಿದ್ದು 51,300 ರೂಪಾಯಿ. ಸಂಗ್ರಹದ ಗೀಳು ಹತ್ತಿದವರು ಮೊದಲ ಅಂಕಿಯನ್ನು ಯಾರು ಕೇಳಿದರೂ ಹೇಳುತ್ತಾರೆ. ಎರಡನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆಯ ಬಜೆಟ್ಟನ್ನು ಅಲುಗಾಡಿಸುವುದು ಈ ಎರಡನೆಯದೇ.

ಸರಣಿ ದೊಡ್ಡದೇನಲ್ಲ. 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಮತ್ತೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕೂ ದೊರೈ-ಭಗವಾನ್ ಜೋಡಿಯ ನಿರ್ದೇಶನ, ನಾಲ್ಕಕ್ಕೂ ಜಿ.ಕೆ. ವೆಂಕಟೇಶ್ ಸಂಗೀತ. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದಿದ್ದು ಗೋವಾ ಚಿತ್ರದಿಂದ, ರೇಖಾ ಮೊದಲ ಸಲ ನಾಯಕಿಯಾಗಿದ್ದು ಜಾಕ್‌ಪಾಟ್ ಚಿತ್ರದಲ್ಲಿ. ಸಾಲಾಗಿ ಇಟ್ಟುಕೊಂಡು ಕೇಳಿದರೆ ಕನ್ನಡ ಚಿತ್ರಸಂಗೀತದ ಒಂದು ತಿರುವೇ ಕಿವಿಗೆ ಬೀಳುತ್ತದೆ. ಮೊದಲ ಮೂರು ಚಿತ್ರ ಬಂದ ಕಾಲದಲ್ಲಿ ಅಣ್ಣಾವ್ರ ಹಾಡಿನ ದನಿ ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್‌ಕುಮಾರ್ ತಾವೇ ಹಾಡತೊಡಗಿದರು. ಡೈಮಂಡ್ ರಾಕೆಟ್‌ನ ಇಂಗ್ಲಿಷ್ ಹಾಡು ಅವರದೇ ಕಂಠದಲ್ಲಿದೆ. ಇಂದಿನ ಹುಡುಗರಿಗೂ ಮೊಬೈಲಿನಿಂದಾಗಿ ಅದು ಗೊತ್ತು.

ಈ ಸರಣಿ ಹಿಡಿದವರಿಗೆ ಪ್ಲೇಟೂ ಬೇಕು, ಸಿನಿಮಾದ ಡಿಸ್ಕೂ ಬೇಕು. ಆ ಕಾಲದ ಈಪಿ ಪ್ಲೇಟಿನಲ್ಲಿ ಹಾಡಿಗಷ್ಟೇ ಜಾಗ. ಬೆನ್ನಟ್ಟುವ ದೃಶ್ಯಗಳಿಗೆ ವೆಂಕಟೇಶ್ ಕೊಟ್ಟ ಹಿನ್ನೆಲೆ ಸಂಗೀತ ಕೇಳಬೇಕೆಂದರೆ ಚಿತ್ರವನ್ನೇ ನೋಡಬೇಕು. ಡಿಸ್ಕ್‌ಗೆ ಹಣ ಹೆಚ್ಚೇನೂ ಬೇಡ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಾಗಲೇ ಸಿನಿಮಾ ಡಿಸ್ಕ್‌ನ ದರ ನೆಲ ಕಂಡಿತ್ತು. ಆ ಕಂಪನಿಯೇ ಮುಂದೆ ದಿವಾಳಿಯಾಯಿತು. ಆದರೆ ವಿಸಿಡಿಯ ಚಿತ್ರ 352×288 ಪಿಕ್ಸೆಲ್ ಮಾತ್ರ, ದೊಡ್ಡ ಟಿವಿಯಲ್ಲಿ ಮಸುಕು. ಡಿವಿಡಿಯ 720×576 ಎಷ್ಟೋ ವಾಸಿ. ಎರಡೂ ಸಿಗುತ್ತಿದ್ದರೆ ಡಿವಿಡಿ ಕೊಳ್ಳಿ. ಪ್ಲೇಯರ್‌ನ ತಂತಿ ಸಿಕ್ಕಿಸಲು ಟಿವಿಯ ಹಿಂದೆ ಜಾಗವಿದೆಯೇ ಎಂದು ಮೊದಲು ನೋಡಿ. ಡಿಸ್ಕ್‌ನ ಮಾತು ಇಷ್ಟೇ.

ದೊಡ್ಡ ಖರ್ಚು ಕೇಳುವ ಯಂತ್ರದ್ದು. ಸೂಟ್‌ಕೇಸ್‌ನಂಥ ಪೆಟ್ಟಿಗೆಯಲ್ಲಿ ಬರುವ ಟರ್ನ್‌ಟೇಬಲ್ ನಾನು ಕೊಂಡದ್ದಕ್ಕಿಂತ ಎಷ್ಟೋ ಕಮ್ಮಿಗೆ ಸಿಗುತ್ತದೆ. ನಾನು ಅದನ್ನು ಬೇಕೆಂದೇ ಬಿಟ್ಟೆ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತದೆ, ಮುಳ್ಳು ಪ್ಲೇಟಿನ ಮೇಲೆ ಐದಾರು ಗ್ರಾಂ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್‌ಗೆ ಎರಡು ಗ್ರಾಂ ಸಾಕು. ಅರ್ಧ ಶತಮಾನ ಸವೆದ ಈಪಿಯ ಗೆರೆಗಳ ಮೇಲೆ ಈ ವ್ಯತ್ಯಾಸ ದೊಡ್ಡದು. ಹೊಸದಾಗಿ ಮುದ್ರಣವಾಗದ ಪ್ಲೇಟನ್ನು ಅಗ್ಗದ ಯಂತ್ರಕ್ಕೆ ಹಾಕಿ ಸವೆಸಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಟರ್ನ್‌ಟೇಬಲ್‌ಗೆ 26,000, ಆಂಪ್ಲಿಫೈಯರ್‌ಗೆ 15,000, ಸ್ಪೀಕರ್ ಜೋಡಿಗೆ 13,000, ಒಟ್ಟು 54,000 ರೂಪಾಯಿಯ ಸೆಟ್ ಆರಿಸಿದೆ. ಕೇಳುವುದೇ ಉದ್ದೇಶವಾದ ಸಂಗ್ರಹಕ್ಕೆ ಇದು ತಕ್ಕ ಖರ್ಚು ಎಂದು ಇವತ್ತಿಗೂ ಹೇಳುತ್ತೇನೆ.

ಬಿಲ್ ಮಾಡಿಸುವಾಗ ಅಂಗಡಿಯ ಹುಡುಗ ಕೇಳಿದ: ‘ಒಂದೇ ಸಲ ಅಷ್ಟು ದುಡ್ಡು ಯಾಕೆ ಹಾಕ್ತೀರಾ ಸಾರ್? ನೋ ಕಾಸ್ಟ್ ಇಎಂಐ ಮಾಡಿಸಿ. ತಿಂಗಳಿಗೆ ನಾಲ್ಕೂವರೆ ಸಾವಿರ, ಹನ್ನೆರಡು ತಿಂಗಳು. ಬಡ್ಡಿ ಒಂದು ಪೈಸೆ ಇಲ್ಲ.’

4,500ನ್ನು 12ರಿಂದ ಗುಣಿಸಿದರೆ 54,000. ಬಡ್ಡಿ ಇಲ್ಲವೆಂದೇ ಕಾಣುತ್ತದೆ. ಆದರೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು? ಶೇ 5 ರಿಯಾಯಿತಿ, 51,300 ರೂಪಾಯಿ ಎಂದರು. ಇಎಂಐಗೆ ಆ ರಿಯಾಯಿತಿ ಇಲ್ಲ. ಅಂದರೆ ಕ್ರೆಡಿಟ್ ಕಾರ್ಡ್ ಉಜ್ಜುವ ಮೊದಲೇ 2,700 ರೂಪಾಯಿ ಹೋಯಿತು.

ಇನ್ನು ಬ್ಯಾಂಕಿನ ಕಡೆಯ ಲೆಕ್ಕ. ಬ್ಯಾಂಕು ಯಾರಿಗೂ ಪುಕ್ಕಟೆ ಸಾಲ ಕೊಡುವುದಿಲ್ಲ. ವರ್ಷಕ್ಕೆ ಶೇ 15 ಬಡ್ಡಿ ಎಂದಿಟ್ಟುಕೊಳ್ಳಿ. ಹನ್ನೆರಡು ತಿಂಗಳು 4,500 ಕಟ್ಟಿದರೆ ತೀರುವ ಸಾಲ 49,857 ರೂಪಾಯಿ. ಉಳಿದ 4,143 ಬಡ್ಡಿ. ಈ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮುಂಚೆಯೇ ಇಳಿಸಿ, ಬ್ಯಾಂಕಿನ ಮೂಲಕ ನಿಮ್ಮಿಂದ ತಿಂಗಳು ತಿಂಗಳು ವಸೂಲು ಮಾಡುವುದಕ್ಕೆ ‘ನೋ ಕಾಸ್ಟ್’ ಎಂಬ ಹೆಸರು. ಬಡ್ಡಿ ಎಲ್ಲಿಗೂ ಹೋಗಿಲ್ಲ, ಸ್ಟೇಟ್‌ಮೆಂಟಿನಲ್ಲಿ ಬೇರೆ ಸಾಲಿನಲ್ಲೇ ಬರುತ್ತದೆ. ಬಡ್ಡಿ ಇದ್ದ ಮೇಲೆ ಅದರ ಮೇಲೆ ಶೇ 18 ಜಿಎಸ್‌ಟಿಯೂ ಇದೆ. ಮೊದಲ ತಿಂಗಳ ಬಡ್ಡಿ 623 ರೂಪಾಯಿ, ಅದಕ್ಕೆ ತೆರಿಗೆ 112. ಆ ತಿಂಗಳು ನೀವು ಕಟ್ಟುವುದು 4,500 ಅಲ್ಲ, 4,612. ವರ್ಷದ ಒಟ್ಟು ತೆರಿಗೆ 746 ರೂಪಾಯಿ. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235.

ಕೂಡಿಸೋಣ. 54,000ಕ್ಕೆ 746, ಅದಕ್ಕೆ 235. ಒಟ್ಟು 54,981 ರೂಪಾಯಿ. ಇಂದೇ ಕೊಟ್ಟರೆ 51,300. ವ್ಯತ್ಯಾಸ 3,681.

ಇದನ್ನು 51,300ರ ಮೇಲೆ ಶೇ 7 ಎಂದು ಓದಿದರೆ ಲೆಕ್ಕ ತಪ್ಪುತ್ತದೆ. ಸಾಲ ಇಡೀ ವರ್ಷ 51,300 ಆಗಿ ಉಳಿಯುವುದಿಲ್ಲ, ಪ್ರತಿ ತಿಂಗಳೂ ಕರಗುತ್ತದೆ. ವರ್ಷದ ಸರಾಸರಿಯಲ್ಲಿ ನಿಮ್ಮ ಕೈಯಲ್ಲಿರುವ ಸಾಲ 27,800ರ ಆಸುಪಾಸು. ಅದಕ್ಕೆ 3,681 ಕೊಡುವುದೆಂದರೆ ಶೇ 13ರ ಬಡ್ಡಿ. ‘ಒಂದು ಪೈಸೆ ಇಲ್ಲ’ ಎಂದ ಬಡ್ಡಿ ಇದು. ರಿಯಾಯಿತಿಯನ್ನೇ ಕೊಡದ ಅಂಗಡಿಯಲ್ಲೂ 981 ರೂಪಾಯಿ ಹೆಚ್ಚಿಗೆ ಹೋಗುತ್ತದೆ.

2013ರ ಸೆಪ್ಟೆಂಬರ್‌ನಲ್ಲಿಯೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲದ್ದು ಎಂದು ಹೇಳಿತ್ತು. ಹೆಸರು ಬದಲಾಗಿ ಅದೇ ಸರಕು ಇಂದಿಗೂ ಪ್ರತಿ ಅಂಗಡಿಯ ಕೌಂಟರಿನಲ್ಲಿದೆ. ನನಗೆ ಈ ಸ್ಕೀಮಿನ ಬಗ್ಗೆ ತಾಳ್ಮೆ ಉಳಿದಿಲ್ಲ. ಒಂದು ಕಂತು ತಪ್ಪಿದರೆ ಕ್ರೆಡಿಟ್ ಕಾರ್ಡಿನ ಮಾಮೂಲಿ ಬಡ್ಡಿ ಹತ್ತುತ್ತದೆ, ತಿಂಗಳಿಗೆ ಶೇ 3.5 ಎಂದರೂ ವರ್ಷಕ್ಕೆ ಶೇ 42. ಬೇಗ ತೀರಿಸೋಣ ಎಂದರೆ ಫೋರ್‌ಕ್ಲೋಷರ್ ಶುಲ್ಕ ಬೀಳಬಹುದು. ತೀರುವವರೆಗೂ ಅಷ್ಟು ಲಿಮಿಟ್ ಕಟ್ಟಿಹಾಕಿದ ಹಾಗೆ. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದ ದಿನ ಆ ಲಿಮಿಟ್ ಬೇಕಾಗುತ್ತದೆ. ಸಂಗ್ರಹಕಾರರಿಗಂತೂ ಇದು ಇನ್ನೂ ಕೆಟ್ಟದ್ದು. ನಮ್ಮ ಆಸೆ ಒಂದು ವಸ್ತುವಿಗೆ ನಿಲ್ಲುವುದಿಲ್ಲ. ಟರ್ನ್‌ಟೇಬಲ್‌ನ ಕಂತು ಮುಗಿಯುವ ಮೊದಲೇ ಸ್ಪೀಕರ್ ಬದಲಿಸುವ ಮನಸ್ಸಾಗುತ್ತದೆ, ಅದಕ್ಕೂ ಒಂದು ಇಎಂಐ. ಮೂರು ಕಂತು ಒಟ್ಟಿಗೆ ಓಡುವ ಮನೆಯಲ್ಲಿ ಹಾಡು ಕೇಳಲು ಮನಸ್ಸು ಎಲ್ಲಿರುತ್ತದೆ?

ನಾನು ಕೊಟ್ಟ ಹಣ ಆರ್‌ಡಿಯದು (ರಿಕರಿಂಗ್ ಡೆಪಾಸಿಟ್). ತಿಂಗಳಿಗೆ 4,150ರಂತೆ ಒಂದು ವರ್ಷ, ಶೇ 6.5 ಬಡ್ಡಿಗೆ ಕಟ್ಟಿದರೆ ಕೈಗೆ ಬರುವುದು 51,550ರ ಸುಮಾರು. ಇದರಲ್ಲಿ ಜೇಬಿನಿಂದ ಹೋಗುವುದು 49,800 ಮಾತ್ರ. ಇಎಂಐಯವರ ಜೇಬಿನಿಂದ ಹೋಗುವುದು 54,981. ಅದೇ ಅಂಗಡಿ, ಅದೇ ಸೆಟ್. 5,181 ರೂಪಾಯಿ ಅಂತರ. ಅದರಲ್ಲಿ ಒಂದು ಹೊಸ ಮುಳ್ಳು (ಸ್ಟೈಲಸ್) ಬರುತ್ತದೆ, ಮೇಲೆ ಇನ್ನೊಂದು ಈಪಿಗೂ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒಂದು ವರ್ಷ ಕಾಯುವುದು. ಜಾಕ್‌ಪಾಟ್ ಆದಮೇಲೆ ಡೈಮಂಡ್ ರಾಕೆಟ್‌ಗೆ ಅಭಿಮಾನಿಗಳು ಒಂಬತ್ತು ವರ್ಷ ಕಾದಿದ್ದರು. ಆ ಸರಣಿಯ ಮೇಲಿನ ಪ್ರೀತಿ ನಿಜವಾಗಿದ್ದರೆ ಹನ್ನೆರಡು ತಿಂಗಳಲ್ಲಿ ಅದು ಆರುವುದಿಲ್ಲ. ಆರಿಹೋದರೆ ಆರ್‌ಡಿ ಹಣ ನಿಮ್ಮದೇ, ಬೇರೆ ಕೆಲಸಕ್ಕೆ ಬರುತ್ತದೆ.

ಇದೆಲ್ಲ ಇನ್ವೆಸ್ಟ್‌ಮೆಂಟ್ ಎಂದು ಹೇಳುವವರನ್ನು ನಂಬಬೇಡಿ. ಹಳೆ ಪ್ಲೇಟಿನ ವ್ಯಾಪಾರಿಯೊಬ್ಬರು ‘ಇವತ್ತು ತಗೊಳ್ಳಿ, ನಾಳೆ ಡಬಲ್’ ಎಂದು ನನಗೂ ಹೇಳಿದ್ದರು. ಅದೇ ಪ್ಲೇಟನ್ನು ನೀವು ವಾಪಸ್ ತಗೊಂಡರೆ ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಬಂದ ಉತ್ತರ ಅರ್ಧಕ್ಕಿಂತ ಕಡಿಮೆ. ಕೊಂಡ ಕ್ಷಣಕ್ಕೇ ಅರ್ಧ ಬೆಲೆ ಕಳೆದುಕೊಳ್ಳುವ ವಸ್ತುವನ್ನು ಎಫ್‌ಡಿ, ಮ್ಯೂಚುವಲ್ ಫಂಡ್‌ಗಳ ಸಾಲಿನಲ್ಲಿ ಬರೆಯಲು ಬರುವುದಿಲ್ಲ. ವೈಯಕ್ತಿಕ ಬಳಕೆಯ ಸಾಮಾನಾದ್ದರಿಂದ ಮಾರಿ ಆದ ನಷ್ಟವನ್ನು ಆದಾಯ ತೆರಿಗೆಯಲ್ಲಿ ಬೇರೆ ಲಾಭಕ್ಕೆ ಎದುರು ವಜಾ ಮಾಡಿಕೊಳ್ಳುವಂತೆಯೂ ಇಲ್ಲ. ಇದು ಖರ್ಚು. ಖರ್ಚೆಂದೇ ಬರೆಯಿರಿ, ಸಂತೋಷದಿಂದ ಮಾಡಿ.

ಹಾಡು ಮೊಬೈಲಿನಲ್ಲೇ ಸಿಗುವಾಗ ಇದೆಲ್ಲ ಯಾಕೆ ಎನ್ನುವವರಿಗೆ ನನ್ನ ಉತ್ತರ ಸರಳ: ಮೊಬೈಲ್ ಸಾಕು ಎನ್ನಿಸುವವರಿಗೆ ಮೊಬೈಲೇ ಸರಿ. ಅವರ ಹಣ ಉಳಿಯುತ್ತದೆ. ಆದರೆ ಆ್ಯಪ್‌ನಲ್ಲಿರುವ ಹಾಡು ನಿಮ್ಮದಲ್ಲ, ಹಕ್ಕು ಬದಲಾದ ದಿನ ಪಟ್ಟಿಯಿಂದ ಮಾಯವಾಗಬಹುದು. ಪ್ಲೇಟು ನಿಮ್ಮದು.

ಸಂಗ್ರಹ ಮಾಡುವವರಿಗೆ ನಾನು ಹೇಳಬೇಕಾದ್ದು ಅಭ್ಯಾಸದ ಮಾತು. ಯಾವ ವಸ್ತು ಬೇಕೆನಿಸಿದರೂ ಅದರ ಪೂರ್ತಿ ಬೆಲೆ ಬರೆಯಿರಿ. ಪ್ಲೇಟಿನ ಪಕ್ಕದಲ್ಲಿ ಟರ್ನ್‌ಟೇಬಲ್, ಅದರ ಪಕ್ಕದಲ್ಲಿ ಆಂಪ್ಲಿಫೈಯರ್, ಸ್ಪೀಕರ್, ತಂತಿ, ಇಡುವ ಸ್ಟ್ಯಾಂಡು. ಮುಳ್ಳು 500ರಿಂದ 1,000 ಗಂಟೆಗೆ ಸವೆಯುತ್ತದೆ, ಅದನ್ನೂ ಬರೆಯಿರಿ. ಬರೆದ ಕಾಗದವನ್ನು ಮನೆಯವರಿಗೆ ತೋರಿಸಿ. ತೋರಿಸಲು ಹಿಂಜರಿಕೆಯಾದರೆ ಆ ಖರ್ಚಿನ ಬಗ್ಗೆ ನಿಮಗೇ ಖಾತ್ರಿ ಇಲ್ಲ ಎಂದರ್ಥ.

ಒಂದು ಚಿತ್ರಕ್ಕೆ ಒಂದು ಒಳ್ಳೆಯ ಪ್ರತಿ ಸಾಕು. ಈಪಿ ಇದ್ದಮೇಲೆ ಅದೇ ಹಾಡಿನ ಕ್ಯಾಸೆಟ್, ಕ್ಯಾಸೆಟ್ ಇದ್ದಮೇಲೆ ಸಿಡಿ ಎಂದು ಹೋದರೆ ಕಪಾಟು ತುಂಬುತ್ತದೆ, ಕೇಳುವುದು ಒಂದನ್ನೇ. ಕೊಂಡದ್ದನ್ನು ಕಾಪಾಡುವುದೂ ಉಳಿತಾಯವೇ. ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಬಿಸಿಲಿನಿಂದ ದೂರವಿಡಿ, ಮಳೆಗಾಲದಲ್ಲಿ ಗೋಡೆಯ ತೇವ ತಾಗದಂತೆ ನೋಡಿಕೊಳ್ಳಿ. ಡಿಸ್ಕ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಹಾಕಿ ನೋಡಿ.

ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಇಲ್ಲದವರು ಸಂಗ್ರಹಕ್ಕೆ ಇನ್ನೂ ಕೈ ಹಾಕಬಾರದು. ಇದ್ದವರು ಈ ತಿಂಗಳ ಸಂಬಳದ ದಿನವೇ ಒಂದು ಆರ್‌ಡಿ ತೆರೆಯಿರಿ, ಮೊತ್ತ ಸಾವಿರವಾದರೂ ಸರಿ. ಅದು ಮುಗಿಯುವವರೆಗೆ ಯಂತ್ರದ ಅಂಗಡಿಗೆ ಹೋಗಬೇಡಿ. ಮುಗಿದ ದಿನ ಹೋಗಿ, ಪೂರ್ತಿ ಹಣಕ್ಕೆ ಎಷ್ಟು ರಿಯಾಯಿತಿ ಎಂದು ಕೇಳಿ. ಕಂತಿನ ಮಾತು ತೆಗೆದರೆ ಬೇಡ ಎನ್ನಿ, ಕಾರಣ ಕೊಡುವ ಅಗತ್ಯವಿಲ್ಲ.